ಚಿಕ್ಕ ಗಾಡಿಯಿಂದ ದೊಡ್ಡ ಗಾಡಿಗೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ಸೀಮೆಯ ಮೋಟಾರು ಸೈಕಲ್ಲುಗಳ ಹಣೆಯ ಮೇಲಿರುವ ಬರಹ ಒಂದೇ: ಕೆ.ಎ. ೪೫. ಹುಣಸೂರಿನ ಸಾರಿಗೆ ಕಚೇರಿಯಲ್ಲಿ ನೋಂದಾಯಿಸಿಕೊಂಡು ಹೊರಟ ಗಾಡಿಗಳು ಇವು. ಬರಹ ಒಂದೇ ಆದರೂ ಅವು ತುಳಿಯುವ ದಾರಿ ಮಾತ್ರ ಒಂದೇ ಅಲ್ಲ. ಕೃಷ್ಣರಾಜನಗರದ ಗಾಡಿ ನಾಲೆಯ ಏರಿಯ ಮೇಲೆ ಭತ್ತದ ಬಯಲನ್ನು ಸುತ್ತುತ್ತದೆ. ಹುಣಸೂರು ಪಿರಿಯಾಪಟ್ಟಣಗಳ ಗಾಡಿ ಹೊಗೆಸೊಪ್ಪಿನ ಹೊಲಕ್ಕೂ ಹೆದ್ದಾರಿಗೂ ನಡುವೆ ಓಡುತ್ತದೆ. ಕೋಟೆಯ ಗಾಡಿಗೆ ಹೊತ್ತು ಮುಳುಗುವ ವೇಳೆಗೆ ಕಾಡಂಚಿನ ಚಿಂತೆ. ಹೀಗಿರುವಾಗ "ಯಾವ ಗಾಡಿ ಒಳ್ಳೆಯದು?" ಎಂದು ಒಬ್ಬರು ಕೇಳಿದರೆ, "ಯಾವ ದಾರಿಗೆ? ಯಾರನ್ನು ಕೂರಿಸಿಕೊಂಡು?" ಎಂದು ತಿರುಗಿ ಕೇಳದೆ ಉತ್ತರ ಹೇಳುವುದು ಸಾಧ್ಯವಿಲ್ಲ.

ಈ ಪ್ರಶ್ನೆ ಹೆಚ್ಚಾಗಿ ಏಳುವುದು ಹೊಗೆಸೊಪ್ಪು ಹರಾಜು ಕಟ್ಟೆ ಸೇರುವ ಕಾಲದಲ್ಲಿ. ಬ್ಯಾರನ್ನಿನ ಬೆಂಕಿ ಆರಿ, ಬೇಲು ಕಟ್ಟಿ, ಹಣ ಬ್ಯಾಂಕಿನ ಖಾತೆಗೆ ಬಂದ ವಾರದಲ್ಲೇ ಮನೆಯ ಹುಡುಗ ಮಾತು ತೆಗೆಯುತ್ತಾನೆ: "ಅಪ್ಪಾ, ಈ ನೂರು ಸಿ.ಸಿ. ಗಾಡಿ ಸಾಕಾಯಿತು, ಇಬ್ಬರು ಕೂತರೆ ಎಳೆಯುವುದಿಲ್ಲ, ದೊಡ್ಡದೊಂದು ತಗೊಳ್ಳೋಣ." ಅಪ್ಪನಿಗೆ ಹಾಲಿನ ಕ್ಯಾನು ಎಲ್ಲಿ ತೂಗುಹಾಕುವುದೆಂಬ ಯೋಚನೆ, ತಾಯಿಗೆ ಹಿಂದೆ ಕೂರಲು ಜಾಗ ಇದೆಯೋ ಇಲ್ಲವೋ ಎಂಬ ಯೋಚನೆ. ಮೂವರ ಮಾತಿನಲ್ಲೂ ನಿಜವಿದೆ. ಹುಡುಗನ ಮಾತನ್ನು ಶೋಕಿಯೆಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ.

ನಡುಗಾತ್ರದ ಮೋಟಾರು ಸೈಕಲ್ಲು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಮೈಸೂರು ಆಕಾಶವಾಣಿ ಇರುವ ಯಾದವಗಿರಿಯಲ್ಲೇ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಚೆಕೊಸ್ಲೊವಾಕಿಯದ ಜಾವಾ ಕಂಪೆನಿಯ ಪರವಾನಗಿ ಪಡೆದು ೧೯೬೧ರಲ್ಲಿ ಅಲ್ಲಿ ೨೫೦ ಸಿ.ಸಿ. ಗಾಡಿಗಳ ತಯಾರಿಕೆ ಮೊದಲಾಯಿತು. ೧೯೭೩ರಿಂದ ಯೆಜ್ಡಿ ಎಂಬ ಹೆಸರು ಬಂತು. ೧೯೯೬ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ೨೦೧೮ರಲ್ಲಿ ಜಾವಾ, ೨೦೨೨ರಲ್ಲಿ ಯೆಜ್ಡಿ ಮತ್ತೆ ಪೇಟೆಗೆ ಬಂದವು. ಆದರೆ ಈಗ ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೆಯ ಜಾವಾದಲ್ಲಿ ಕಿಕ್ ಹೊಡೆಯುವ ಕಡ್ಡಿಯೇ ಗೇರು ಹಾಕುವ ಕಡ್ಡಿಯೂ ಆಗಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕಾಗಿತ್ತು. ಕಾರ್ಖಾನೆ ಮುಚ್ಚಿ ಕಾಲು ಶತಮಾನ ದಾಟಿದ್ದರೂ ಮೈಸೂರಿನ ಬೀದಿಗಳಲ್ಲಿ ಆ ಗಾಡಿಗಳು ಇನ್ನೂ ಓಡುತ್ತಿವೆ. ಅವುಗಳ ಗುಟ್ಟು ಬಲ್ಲ ಮೇಸ್ತ್ರಿಗಳು ಊರಿನಲ್ಲಿ ಇದ್ದುದೇ ಇದಕ್ಕೆ ಕಾರಣ. ಹೊಸ ಗಾಡಿ ಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು. ಕಂಪೆನಿಯ ಸರ್ವಿಸ್ ಕೇಂದ್ರ ಹುಣಸೂರಿನಲ್ಲೋ ನಿಮ್ಮ ತಾಲ್ಲೂಕಿನ ಊರಿನಲ್ಲೋ ಇದೆಯೇ, ಅಥವಾ ಕ್ಲಚ್ ತಂತಿಯೊಂದು ತುಂಡಾದರೂ ಮೈಸೂರಿಗೇ ಹೋಗಬೇಕೇ ಎಂಬುದನ್ನು ಮೊದಲು ವಿಚಾರಿಸಿ. ಮೈಸೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ ಹೋಯಿತೆಂದೇ ಲೆಕ್ಕ.

ಇನ್ನು ಶಕ್ತಿಯ ಮಾತು. ಸಿ.ಸಿ. ಎಂಬುದು ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ನು ಸರಿದಾಡುವ ಜಾಗದ ಅಳತೆ. ಜಾಗ ದೊಡ್ಡದಾದಷ್ಟೂ ಒಂದು ಸಲಕ್ಕೆ ಒಳಗೆ ಉರಿಯುವ ಗಾಳಿ, ಪೆಟ್ರೋಲು ಹೆಚ್ಚು. ಆದರೆ ಮೂರೂವರೆ ಪಟ್ಟು ಸಿ.ಸಿ. ಎಂದರೆ ಮೂರೂವರೆ ಪಟ್ಟು ಶಕ್ತಿಯೆಂದು ತಿಳಿಯಬಾರದು. ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಸ್ಪ್ಲೆಂಡರನ್ನು ತೆಗೆದುಕೊಳ್ಳಿ: ೯೭.೨ ಸಿ.ಸಿ., ಸುಮಾರು ೮ ಅಶ್ವಶಕ್ತಿ, ತೂಕ ೧೧೨ ಕಿಲೋ. ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್ ೩೫೦ ಗಾಡಿ ೩೪೯ ಸಿ.ಸಿ.; ಶಕ್ತಿ ಸುಮಾರು ೨೦ ಅಶ್ವಶಕ್ತಿ, ತೂಕ ೧೯೫ ಕಿಲೋ. ಅಂದರೆ ಶಕ್ತಿ ಎರಡೂವರೆ ಪಟ್ಟಾಯಿತು. ಅದರ ಜೊತೆಗೆ ಒಬ್ಬ ದಪ್ಪನೆಯ ಆಳಿನಷ್ಟು ತೂಕವೂ ಏರಿತು. ಗಂಡ ಹೆಂಡತಿ ಇಬ್ಬರೂ ಸೇರಿ ೧೩೦ ಕಿಲೋ ಎಂದಿಟ್ಟುಕೊಳ್ಳಿ. ಚಿಕ್ಕ ಗಾಡಿಯಲ್ಲಿ ಒಂದು ಅಶ್ವಶಕ್ತಿ ಎಳೆಯಬೇಕಾದ ಭಾರ ೩೦ ಕಿಲೋ. ದೊಡ್ಡದರಲ್ಲಿ ೧೬ ಕಿಲೋ. "ಇಬ್ಬರು ಕೂತರೆ ಎಳೆಯುವುದಿಲ್ಲ" ಎಂಬ ಹುಡುಗನ ದೂರಿನಲ್ಲಿ ಹುರುಳಿದೆ ಎಂಬುದು ಇದರಿಂದ ತಿಳಿಯುತ್ತದೆ.

ಆದರೆ ಇವೆರಡರ ನಡುವೆ ಇನ್ನೊಂದು ಮೆಟ್ಟಿಲಿದೆ. ಅದನ್ನು ಬಹಳ ಮಂದಿ ಮರೆಯುತ್ತಾರೆ. ೧೬೦ ಸಿ.ಸಿ.ಯ ಗಾಡಿಗಳಲ್ಲಿ, ಉದಾಹರಣೆಗೆ ಟಿ.ವಿ.ಎಸ್. ಅಪಾಚೆಯ ನಾಲ್ಕು ವಾಲ್ವಿನ ಮಾದರಿಯಲ್ಲಿ, ಶಕ್ತಿ ಸುಮಾರು ೧೭ ಅಶ್ವಶಕ್ತಿ, ತೂಕ ೧೪೫ ಕಿಲೋದ ಆಸುಪಾಸು. ಅದೇ ಗಂಡ ಹೆಂಡತಿಯನ್ನು ಅದರ ಮೇಲೆ ಕೂರಿಸಿ ಲೆಕ್ಕ ಹಾಕಿದರೆ ಒಂದು ಅಶ್ವಶಕ್ತಿಯ ಪಾಲಿಗೆ ಬರುವುದು ಅದೇ ೧೬ ಕಿಲೋ! ಹಾಗಾದರೆ ೩೫೦ ಸಿ.ಸಿ.ಯಿಂದ ಸಿಕ್ಕಿದ್ದೇನು? ಸಿಕ್ಕಿದ್ದು ನಿಧಾನದ ಎಳೆತ. ಎಂಜಿನಿಯರುಗಳು ಟಾರ್ಕ್ ಎನ್ನುವ ಆ ಬಲ ಕ್ಲಾಸಿಕ್ಕಿನಲ್ಲಿ ೨೭ ನ್ಯೂಟನ್ ಮೀಟರ್. ಅದೂ ಎಂಜಿನ್ನು ನಿಮಿಷಕ್ಕೆ ೪೦೦೦ ಸುತ್ತು ಸುತ್ತುವಾಗಲೇ ಪೂರ್ತಿಯಾಗಿ ದೊರೆಯುತ್ತದೆ. ನೂರ ಅರವತ್ತರದ್ದು ಹೆಚ್ಚು ಕಡಮೆ ಅದರ ಅರ್ಧ. ಅದನ್ನು ಪಡೆಯಲು ಎಂಜಿನ್ನನ್ನು ಬಹಳ ವೇಗವಾಗಿ ಸುತ್ತಿಸಬೇಕು. ಪಿರಿಯಾಪಟ್ಟಣದ ಕಡೆಯ ಏರಿಳಿತದ ದಾರಿಯಲ್ಲಿ ಗೇರು ಬದಲಿಸದೆ ಗುಡುಗುಡು ಎಂದು ಏರಬೇಕೆನ್ನುವವರಿಗೆ ಮೊದಲನೆಯದು ಹಿತ. ಗೇರು ಬದಲಿಸಲು ಬೇಸರವಿಲ್ಲದವರಿಗೆ, ದಿನಕ್ಕೆ ಹತ್ತು ಸಲ ಗಾಡಿಯನ್ನು ಸಂದಿಯಲ್ಲಿ ತಳ್ಳಿ ನಿಲ್ಲಿಸಬೇಕಾದವರಿಗೆ ಎರಡನೆಯದು ಸಾಕು. ನನ್ನನ್ನು ಕೇಳಿದರೆ, ಹಾಲು, ಗೊಬ್ಬರ, ಹೊಲ, ಸಂತೆ ಎಂದು ಸುತ್ತುವ ಮನೆಗೆ ನೂರೈವತ್ತರಿಂದ ಇನ್ನೂರರ ಒಳಗಿನ ಗಾಡಿಯೇ ಹೆಚ್ಚು ಒಪ್ಪುತ್ತದೆ. ವಾರಕ್ಕೆರಡು ಮೂರು ಸಲ ಇಬ್ಬರು ಮೈಸೂರಿಗೋ ಮಡಿಕೇರಿಗೋ ಹೋಗಿಬರುವ ಮನೆಗೆ ಮೂನ್ನೂರೈವತ್ತು ನ್ಯಾಯವಾದದ್ದು.

ದಾರಿಗಳನ್ನು ಬೇರೆ ಬೇರೆಯಾಗಿ ನೋಡೋಣ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಗಳ ಮೇಲೆ ಕುಶಾಲನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ ೨೭೫ರಲ್ಲಿ ಕೊಡಗಿನ ಬಸ್ಸುಗಳು, ಪ್ರವಾಸಿಗರ ಕಾರುಗಳು, ಲಾರಿಗಳು ಸಾಲುಗಟ್ಟಿ ಬರುತ್ತವೆ. ಇಲ್ಲಿ ಚಿಕ್ಕ ಗಾಡಿಯ ತೊಂದರೆ ಒಂದೇ: ಲಾರಿಯನ್ನು ದಾಟಿ ಮುಂದೆ ಹೋಗಲು ಹೊರಟಾಗ ಅದು ಬಹಳ ಹೊತ್ತು ಎದುರು ಬದಿಯಲ್ಲೇ ಉಳಿಯುತ್ತದೆ. ದೊಡ್ಡ ಗಾಡಿ ಈ ಹೊತ್ತನ್ನು ಕಡಮೆ ಮಾಡುತ್ತದೆ. ಇದು ನಿಜವಾದ ಲಾಭ, ಪ್ರಾಣಕ್ಕೆ ಸಂಬಂಧಿಸಿದ ಲಾಭ. ಆದರೆ "ಬೆಂಗಳೂರಿಗೆ ಎಕ್ಸ್‌ಪ್ರೆಸ್ ದಾರಿಯಲ್ಲಿ ಹಾರಿಕೊಂಡು ಹೋಗಬಹುದು" ಎಂಬ ಆಸೆಯಿಂದ ಕೊಳ್ಳುವವರು ತಿಳಿಯಬೇಕಾದದ್ದು: ಮೈಸೂರು ಬೆಂಗಳೂರು ವೇಗದ ಹೆದ್ದಾರಿಯ ಮುಖ್ಯ ದಾರಿಗೆ ೨೦೨೩ರ ಆಗಸ್ಟ್ ೧ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಎಷ್ಟು ಸಿ.ಸಿ. ಇದ್ದರೂ ಪಕ್ಕದ ಸರ್ವಿಸ್ ರಸ್ತೆಯೇ ಗತಿ.

ಕೃಷ್ಣರಾಜನಗರದ ಕಡೆ ನೆಲ ಸಪಾಟು. ಅಲ್ಲಿ ಶಕ್ತಿಗಿಂತ ಮುಖ್ಯವಾದದ್ದು ಟೈರು ಮತ್ತು ತೂಕ. ನಾಲೆಯ ಏರಿಯ ಮೇಲೆ ಮಳೆ ಬಿದ್ದ ಮರುದಿನ ಎರಡು ಕ್ವಿಂಟಾಲು ತೂಗುವ ಗಾಡಿ ಜಾರಿ ವಾಲಿದರೆ ಒಬ್ಬರ ಕೈಯಲ್ಲಿ ಎತ್ತಿ ನಿಲ್ಲಿಸುವುದು ಕಷ್ಟ. ಸುಗ್ಗಿಯಲ್ಲಿ ಇನ್ನೊಂದು ಉಪದ್ರವವಿದೆ. ರಾಗಿಯನ್ನೋ ಹುರುಳಿಯನ್ನೋ ಟಾರು ರಸ್ತೆಯ ಮೇಲೆ ಹರಡಿ, ಹೋಗಿಬರುವ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ರೂಢಿ ನಮ್ಮಲ್ಲಿನ್ನೂ ಹೋಗಿಲ್ಲ. ಆ ಹುಲ್ಲಿನ ಹಾಸಿನ ಮೇಲೆ ಬ್ರೇಕು ಹಿಡಿದವರು ಉರುಳುವುದೇ ಸರಿ. ಜೊತೆಗೆ ಹಿಂದೆ ದೀಪವಿಲ್ಲದ ಕಬ್ಬಿನ ಟ್ರಾಕ್ಟರುಗಳು. ಕತ್ತಲಾದ ಮೇಲೆ ಓಡಾಡುವವರು ಅಂಗಡಿಯಲ್ಲಿ ಎಂಜಿನ್ನಿನ ಸದ್ದು ಕೇಳುವ ಮುಂಚೆ ಮುಂದಿನ ದೀಪ ಎಷ್ಟು ದೂರ ಬೆಳಗುತ್ತದೆಂದು ನೋಡುವುದು ಮೇಲು.

ಹೆಗ್ಗಡದೇವನಕೋಟೆಯ ಮಾತೇ ಬೇರೆ. ಅಂತರಸಂತೆ, ಬಾವಲಿಗಳ ಮೇಲೆ ಮಾನಂದವಾಡಿಗೆ ಹೋಗುವ ಕಾಡಿನ ದಾರಿ ಸಂಜೆ ೬ರಿಂದ ಬೆಳಗಿನ ೬ರವರೆಗೆ ಮುಚ್ಚಿರುತ್ತದೆ. ಯಾವ ಗಾಡಿಯ ವೇಗವೂ ಆ ಗೇಟನ್ನು ತೆರೆಸಲಾರದು. ಗೇಟಿನಿಂದ ಹೊರಗಿನ ಹಳ್ಳಿಗಳಲ್ಲೂ ಮುಸ್ಸಂಜೆಯಲ್ಲಿ ಆನೆ ಎದುರಾಗುವುದುಂಟು. ಆಗ ಬೇಕಾದದ್ದು ಇಕ್ಕಟ್ಟಿನ ದಾರಿಯಲ್ಲಿ ಸದ್ದಿಲ್ಲದೆ, ಬೇಗನೆ ಹಿಂದಕ್ಕೆ ತಿರುಗಿಸಿಕೊಳ್ಳಬಲ್ಲ ಗಾಡಿ. ೧೯೫ ಕಿಲೋದ ಗಾಡಿಯನ್ನು ಕಾಲಿನಲ್ಲಿ ಹಿಂದಕ್ಕೆ ತಳ್ಳಿ ತಿರುಗಿಸುವುದು ಹಗಲಿನಲ್ಲಿ, ನೆಮ್ಮದಿಯಲ್ಲಿ ಇರುವಾಗಲೇ ಸುಲಭವಲ್ಲ. ಈ ಕಡೆಯವರಿಗೆ ಎತ್ತರದ, ಹಗುರವಾದ ಗಾಡಿಗಳು ಒಪ್ಪುತ್ತವೆ. ಹೀರೊ ಎಕ್ಸ್‌ಪಲ್ಸ್ ೨೦೦ ಮಾದರಿಯಲ್ಲಿ ಹೊಟ್ಟೆಗೂ ನೆಲಕ್ಕೂ ನಡುವೆ ೨೨೦ ಮಿಲಿಮೀಟರು ಅಂತರವಿದೆ. ಕೊರಕಲು, ಕಲ್ಲು ಅದಕ್ಕೆ ತಾಗುವುದಿಲ್ಲ. ಆದರೆ ಅದರ ಸೀಟು ೮೨೫ ಮಿಲಿಮೀಟರು ಎತ್ತರ. ಕುಳ್ಳಗಿರುವವರ ಪಾದ ನೆಲಕ್ಕೆ ಪೂರ್ತಿ ಊರುವುದಿಲ್ಲ. ನಿಂತ ಗಾಡಿಯೇ ಪಕ್ಕಕ್ಕೆ ವಾಲಿಬಿಡಬಹುದು. ಎತ್ತರದ ಗಾಡಿಯನ್ನು ನೆಂಟರ ಮಾತು ಕೇಳಿ ಕೊಳ್ಳಬಾರದು, ತಾನೇ ಹತ್ತಿ ಕೂತು ನೋಡಬೇಕು.

ಹಿಂದೆ ಕೂರುವವರ ವಿಚಾರ. ಮೋಟಾರು ಸೈಕಲ್ಲಿನ ಜಾಹೀರಾತುಗಳಲ್ಲಿ ಎಂದೂ ಕಾಣದ ವ್ಯಕ್ತಿ ಎಂದರೆ ಸೀರೆಯುಟ್ಟು, ಒಂದೇ ಬದಿಗೆ ಕಾಲು ಬಿಟ್ಟು, ಮಡಿಲಲ್ಲಿ ಮಗುವನ್ನೋ ಚೀಲವನ್ನೋ ಇಟ್ಟುಕೊಂಡು ಕೂರುವ ಹೆಣ್ಣುಮಗಳು. ನಮ್ಮ ಸೀಮೆಯ ಗಾಡಿಗಳಲ್ಲಿ ದಿನವೂ ಕೂರುವವರು ಅವರೇ. ಸೆರಗು ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರಕ್ಕೆ ಮರೆ, ಕೈಗೆ ಹಿಡಿ, ಕಾಲಿಗೆ ಮೆಟ್ಟು, ಇವು ಇರಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಅಂದ ಕೆಡುತ್ತದೆಂದು ಆ ಮರೆಯನ್ನು ಬಿಚ್ಚಿ ಅಟ್ಟಕ್ಕೆಸೆಯುವ ಹುಡುಗರಿದ್ದಾರೆ. ಅದನ್ನು ಬಿಚ್ಚಗೊಡಬೇಡಿ. ಹಿಂದಿನ ಸೀಟು ಮೇಲಕ್ಕೆದ್ದು, ಅಂಗೈಯಗಲ ಇರುವ ಓಟದ ಮಾದರಿಯ ಗಾಡಿಗಳು ಎಷ್ಟೇ ಚೆಂದವಿದ್ದರೂ ಸಂಸಾರಕ್ಕೆ ಆಗಿಬರುವುದಿಲ್ಲ. ಅಂಗಡಿಗೆ ಹೋಗುವಾಗ ಮನೆಯ ಹೆಂಗಸರನ್ನು ಕರೆದುಕೊಂಡು ಹೋಗಿ. ಸಾಲಕ್ಕೆ ಸಹಿ ಹಾಕುವ ಮೊದಲು ಅವರು ಅರ್ಧ ಗಂಟೆ ಹಿಂದೆ ಕೂತು ನೋಡಲಿ. ಕರ್ನಾಟಕದಲ್ಲಿ ೨೦೧೬ರ ಜನವರಿಯಿಂದ ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯ. ಅದರ ಹಣವನ್ನು ಗಾಡಿಯ ಬೆಲೆಯೊಳಗೇ ಸೇರಿಸಿ ಎಣಿಸಿ.

ದೊಡ್ಡ ಗಾಡಿಗೆ ಹೋದವರು ಮರೆಯುವ ಸಂಗತಿಯೆಂದರೆ ನಿಲ್ಲುವುದು. ಓಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕಾನೂನಿನ ಕಣ್ಣಿಗೆ ಗೇರಿನ ಗಾಡಿಯ ಲೈಸೆನ್ಸು ಒಂದೇ, ನೂರು ಸಿ.ಸಿ.ಯಲ್ಲಿ ಪರೀಕ್ಷೆ ಕೊಟ್ಟವರು ಮಾರನೆಯ ದಿನ ಮೂನ್ನೂರೈವತ್ತನ್ನು ಹತ್ತಬಹುದು. ಭೌತಶಾಸ್ತ್ರ ಅಷ್ಟು ಉದಾರಿಯಲ್ಲ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲುವ ದೂರ ನಾಲ್ಕರಷ್ಟಾಗುತ್ತದೆ. ಗಂಟೆಗೆ ೪೦ ಕಿಲೋಮೀಟರಿನಲ್ಲಿ ಹತ್ತು ಮೀಟರಿಗೆ ನಿಲ್ಲುವ ಗಾಡಿ ೮೦ರಲ್ಲಿ ನಲವತ್ತು ಮೀಟರು ಹೋಗುತ್ತದೆ. ಎದುರಿಗೆ ಎಮ್ಮೆ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯುತ್ತದೆಂದು ಇಟ್ಟುಕೊಂಡರೆ, ಆ ಸೆಕೆಂಡಿನಲ್ಲೇ ೪೦ರ ಗಾಡಿ ೧೧ ಮೀಟರು, ೮೦ರ ಗಾಡಿ ೨೨ ಮೀಟರು ಓಡಿರುತ್ತದೆ. ಒಟ್ಟು ೨೧ ಮೀಟರಿಗೆ ಬದಲು ೬೨ ಮೀಟರು! ಚಿಕ್ಕ ಗಾಡಿ ಅರುವತ್ತು ದಾಟಿದರೆ ನಡುಗಿ ಎಚ್ಚರಿಸುತ್ತಿತ್ತು. ದೊಡ್ಡದು ಎಂಬತ್ತರಲ್ಲೂ ತೊಟ್ಟಿಲಿನಂತೆ ಇರುತ್ತದೆ. ಇದೇ ಅಪಾಯ.

ಇದಕ್ಕೆ ಪರಿಹಾರವೆಂದು ೨೦೧೯ರ ಏಪ್ರಿಲಿನಿಂದ ೧೨೫ ಸಿ.ಸಿ. ಮೀರಿದ ಗಾಡಿಗಳಿಗೆ ಎ.ಬಿ.ಎಸ್. ಕಡ್ಡಾಯವಾಯಿತು. ಬ್ರೇಕನ್ನು ಬಲವಾಗಿ ಹಿಡಿದರೆ ಚಕ್ರ ತಿರುಗುವುದನ್ನೇ ನಿಲ್ಲಿಸಿ ಜಾರುತ್ತದಲ್ಲವೇ, ಹಾಗಾಗದಂತೆ ಕ್ಷಣಕ್ಕೆ ಹಲವು ಸಲ ಹಿಡಿದು ಬಿಟ್ಟು ಮಾಡುವ ಏರ್ಪಾಟು ಇದು. ಕೆಲವು ಮಾದರಿಗಳಲ್ಲಿ ಇದು ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ, ಕೆಲವದರಲ್ಲಿ ಎರಡಕ್ಕೂ. ಹಣ ತುಸು ಹೆಚ್ಚಾದರೂ ಎರಡಕ್ಕೂ ಇರುವುದನ್ನೇ ಆರಿಸಿ. ಬಣ್ಣಕ್ಕೆ, ಅಲಂಕಾರಕ್ಕೆ ಕೊಡುವ ಹಣವನ್ನು ಬೇಕಾದರೆ ಅಲ್ಲಿ ಉಳಿಸಿ. ಆದರೆ ಎ.ಬಿ.ಎಸ್. ಇದ್ದ ಮಾತ್ರಕ್ಕೆ ಜಲ್ಲಿಯ ಮೇಲೆ, ಹುಲ್ಲಿನ ಮೇಲೆ ಗಾಡಿ ಬೇಗ ನಿಲ್ಲುವುದಿಲ್ಲ. ನಮ್ಮಲ್ಲಿ ಹಳೆಯ ಡ್ರಮ್ ಬ್ರೇಕಿನ ಗಾಡಿ ಓಡಿಸಿದವರಿಗೆ ಹಿಂದಿನ ಬ್ರೇಕೊಂದನ್ನೇ ತುಳಿಯುವ ಅಭ್ಯಾಸ. ಗಾಡಿಯನ್ನು ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನದು. ಹೊಸ ಗಾಡಿ ತಂದ ವಾರ ಯಾವುದಾದರೂ ಖಾಲಿ ಮೈದಾನದಲ್ಲಿ ಎರಡನ್ನೂ ಒಟ್ಟಿಗೆ ಹಿಡಿದು ನಿಲ್ಲಿಸುವುದನ್ನು ಇಪ್ಪತ್ತು ಮೂವತ್ತು ಸಲ ಅಭ್ಯಾಸ ಮಾಡಿದರೆ ನಗುವವರು ನಗಲಿ.

ಈಗ ಹಣದ ಲೆಕ್ಕ. ೨೦೨೫ರ ಸೆಪ್ಟೆಂಬರ್ ೨೨ರಿಂದ ೩೫೦ ಸಿ.ಸಿ.ವರೆಗಿನ ಗಾಡಿಗಳ ಮೇಲಿನ ಜಿ.ಎಸ್.ಟಿ. ಶೇಕಡ ೨೮ರಿಂದ ೧೮ಕ್ಕೆ ಇಳಿಯಿತು. ಅದಕ್ಕೂ ದೊಡ್ಡವುಗಳ ಮೇಲೆ ಶೇಕಡ ೪೦ ಆಯಿತು. ಆದುದರಿಂದ ೩೫೦ ಎಂಬ ಗಡಿಯ ಒಳಗೇ ನಿಲ್ಲುವುದು ಜಾಣತನ. ವಿಮೆಯಲ್ಲೂ ಇಂಥ ಗಡಿಗಳಿವೆ. ೨೦೨೨ರಲ್ಲಿ ಗೊತ್ತುಮಾಡಿದ ದರದಂತೆ ಮೂರನೆಯವರ ಹಾನಿಯ ವಿಮೆಗೆ ೧೫೦ ಸಿ.ಸಿ.ವರೆಗೆ ವರ್ಷಕ್ಕೆ ೭೧೪ ರೂಪಾಯಿ, ಅದನ್ನು ದಾಟಿ ೩೫೦ರವರೆಗೆ ೧೩೬೬ ರೂಪಾಯಿ. ಹೊಸ ಗಾಡಿಗೆ ಐದು ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು. ಅಂಗಡಿಯವರು ಹೇಳುವ ಬೆಲೆ, ರಸ್ತೆಗಿಳಿಯುವ ಬೆಲೆ, ಇವೆರಡರ ನಡುವೆ ತೆರಿಗೆ, ವಿಮೆ, ನೋಂದಣಿ ಸೇರಿ ಹಲವು ಸಾವಿರಗಳ ಅಂತರವಿರುತ್ತದೆ. ಕಾಗದದ ಮೇಲೆ ಬಾಬುವಾರು ಬರೆಸಿಕೊಳ್ಳಿ.

ಪೆಟ್ರೋಲು ನೋಡಿ. ತಿಂಗಳಿಗೆ ಸಾವಿರ ಕಿಲೋಮೀಟರು ಓಡುವ ಗಾಡಿ ಲೀಟರಿಗೆ ೬೦ ಕೊಟ್ಟರೆ ಬೇಕಾಗುವುದು ಸುಮಾರು ೧೭ ಲೀಟರು. ೩೫ ಕೊಟ್ಟರೆ ೨೯ ಲೀಟರು. ಲೀಟರಿಗೆ ನೂರೇ ರೂಪಾಯಿ ಎಂದರೂ ತಿಂಗಳಿಗೆ ೧,೨೦೦ ರೂಪಾಯಿ ಹೆಚ್ಚು. ಸಂಬಳದಾರರಿಗೆ ಇದು ಸಣ್ಣದಿರಬಹುದು, ಹಾಲಿನ ಬಟವಾಡೆಯಿಂದ ಮನೆ ನಡೆಸುವವರಿಗೆ ಅಲ್ಲ.

ಸಾಲದ ವಿಚಾರದಲ್ಲಿ ಹೊಗೆಸೊಪ್ಪಿನ ರೈತರು ಇನ್ನೂ ಎಚ್ಚರವಾಗಿರಬೇಕು. ಅವರ ಆದಾಯ ವರ್ಷಕ್ಕೊಮ್ಮೆ, ಹರಾಜು ನಡೆಯುವ ನಾಲ್ಕೈದು ತಿಂಗಳಲ್ಲಿ ಬರುವಂಥದು. ಕಂತು ಬೀಳುವುದು ಪ್ರತಿ ತಿಂಗಳು. ಒಂದೂವರೆ ಲಕ್ಷ ರೂಪಾಯಿಯನ್ನು ಮೂರು ವರ್ಷಕ್ಕೆ "ಫ್ಲಾಟ್ ಶೇಕಡ ೧೦" ಬಡ್ಡಿಗೆ ತೆಗೆದರೆ ಬಡ್ಡಿ ೪೫ ಸಾವಿರ, ತಿಂಗಳ ಕಂತು ಸುಮಾರು ೫,೪೦೦. ಹರಾಜು ಮುಗಿದು ಮುಂದಿನ ಹರಾಜು ಆರಂಭವಾಗುವವರೆಗೆ ಏಳು ತಿಂಗಳೆಂದರೆ ೩೮ ಸಾವಿರ. ಸಸಿಮಡಿ, ಗೊಬ್ಬರ, ಬ್ಯಾರನ್ನಿನ ಸೌದೆ, ಎಲ್ಲಕ್ಕೂ ಹಣ ಬೇಕಾಗುವುದು ಅದೇ ತಿಂಗಳುಗಳಲ್ಲಿ. ಆಗ ಕಂತು ಕಟ್ಟಲು ಕೈಸಾಲ ಮಾಡಿದವರು ಗಾಡಿಯ ಬೆಲೆಯನ್ನು ಎರಡು ಸಲ ಕೊಟ್ಟಂತೆ. ಇನ್ನೊಂದು ಮಾತು: ಫ್ಲಾಟ್ ಶೇಕಡ ೧೦ ಎಂದರೆ, ತೀರಿಸಿದ ಅಸಲಿನ ಮೇಲೂ ಕೊನೆಯವರೆಗೆ ಬಡ್ಡಿ ಕೊಡುತ್ತಿರುವುದರಿಂದ, ಇಳಿಯುವ ಬಾಕಿಯ ಲೆಕ್ಕದಲ್ಲಿ ಅದು ಶೇಕಡ ೧೮ರ ಹತ್ತಿರ ಹೋಗುತ್ತದೆ. ಬಡ್ಡಿಯ ದರ ಕೇಳುವಾಗ ಇದು ಯಾವ ಲೆಕ್ಕದ ದರ ಎಂದು ಕೇಳಿ. ಹರಾಜಿನ ಹಣದಲ್ಲಿ ಮುಕ್ಕಾಲು ಪಾಲು ಮೊದಲೇ ಕಟ್ಟಲಾಗದಿದ್ದರೆ ಇನ್ನೊಂದು ವರ್ಷ ಕಾಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಚುಂಚನಕಟ್ಟೆಯ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬರಿಯ ಬಣ್ಣ ನೋಡಿ ಹಣ ಬಿಚ್ಚುವುದಿಲ್ಲ. ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಅದೇ ಜನ ಎರಡು ಲಕ್ಷದ ಗಾಡಿಯನ್ನು ಅಂಗಡಿಯ ಮುಂದಿನ ನೂರು ಗಜದಲ್ಲಿ ಓಡಿಸಿ ಒಪ್ಪಿಕೊಳ್ಳುವುದು ನನಗೆ ಸೋಜಿಗ. ಪರೀಕ್ಷೆಗೆಂದು ಕೊಟ್ಟ ಗಾಡಿಯನ್ನು ಇಬ್ಬರು ಕೂತು ಓಡಿಸಿ. ಗುಂಡಿಬಿದ್ದ ದಾರಿಗೆ ಒಯ್ಯಿರಿ. ಎಂಜಿನ್ನು ಆರಿಸಿ, ಹಿಂದಕ್ಕೆ ತಳ್ಳಿ, ಇಕ್ಕಟ್ಟಿನಲ್ಲಿ ತಿರುಗಿಸಿ. ನಡುವಿನ ಸ್ಟ್ಯಾಂಡಿಗೆ ಎತ್ತಿ ನಿಲ್ಲಿಸಿ. ಕೆಲವು ಗಾಡಿಗಳಿಗೆ ಆ ಸ್ಟ್ಯಾಂಡೇ ಇರುವುದಿಲ್ಲ, ಪಂಕ್ಚರಾದ ದಿನ ಅದರ ಬೆಲೆ ಗೊತ್ತಾಗುತ್ತದೆ. ಹಾಲಿನ ಕ್ಯಾನನ್ನು ತೂಗುಹಾಕುವ ಕಡೆ ಬಿಸಿಯಾದ ಹೊಗೆಕೊಳವೆ ಇದೆಯೇ ನೋಡಿ. ಪರಿಚಯದವರಲ್ಲಿ ಅದೇ ಮಾದರಿ ಇದ್ದರೆ ಒಂದು ದಿನದ ಮಟ್ಟಿಗೆ ಕೇಳಿ ತನ್ನಿ, ನಿಮ್ಮ ಗಾಡಿಯನ್ನು ಅವರಿಗೆ ಕೊಟ್ಟಿರಿ.

ಕಡೆಗೆ ಹಳೆಯ ಗಾಡಿ. ಅದಲು ಬದಲಿಗೆ ಅಂಗಡಿಯವರು ಹೇಳುವ ಬೆಲೆ ತೀರ ಕಡಮೆಯೆಂದು ಕಂಡರೆ, ಹೊಲದ ಕೆಲಸಕ್ಕೆ ಅದನ್ನೇ ಇಟ್ಟುಕೊಂಡು ದೂರದ ದಾರಿಗೆ ಮಾತ್ರ ಹೊಸದನ್ನು ತೆಗೆಯುವ ಮನೆಗಳಿವೆ. ಹೊಸದರ ಆಯುಸ್ಸೂ ಹೆಚ್ಚುತ್ತದೆ. ಮಾರುವುದೇ ಆದರೆ, "ಹೆಸರು ಆಮೇಲೆ ಬದಲಿಸಿಕೊಳ್ಳುತ್ತೇನೆ" ಎಂಬ ಕೊಂಡವರ ಮಾತಿಗೆ ಒಪ್ಪಬೇಡಿ. ದಾಖಲೆಯಲ್ಲಿ ನಿಮ್ಮ ಹೆಸರು ಇರುವವರೆಗೆ ಆ ಗಾಡಿಯಿಂದ ನಡೆಯುವ ಅಪಘಾತದ ಹೊಣೆ ನಿಮ್ಮ ಬಾಗಿಲಿಗೇ ಬರುತ್ತದೆ. ನಮೂನೆ ೨೯, ನಮೂನೆ ೩೦, ಇವೆರಡಕ್ಕೂ ಬೇಕಾದ ಸಹಿಗಳಾಗಿ, ಹುಣಸೂರಿನ ಕಚೇರಿಯ ದಾಖಲೆಯಲ್ಲಿ ಹೆಸರು ಬದಲಾದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಬೀಗದ ಕೈಯ ಎರಡನೆಯ ಪ್ರತಿಯನ್ನು ಅವರ ಕೈಗೆ ಕೊಡಿ.